ಅಜ್ಜಿಯ ಸೊಂಟ ಮುರಿದುದು ವಿಧಿಯಿಂದಲ್ಲ

ವಯಸ್ಸಾದ ಹೆಂಗಸೊಬ್ಬರು ಬಚ್ಚಲಿನ ಬಾಗಿಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರೆಂಬ ಸುದ್ದಿ ಬಂದಾಗ ಕೇಳಿದವರು ಆಡುವ ಮಾತು ಸಾಮಾನ್ಯವಾಗಿ ಎರಡೇ. ‘ವಯಸ್ಸಾಯಿತಲ್ಲ’ ಎಂಬುದೊಂದು, ‘ಗ್ರಹಚಾರ’ ಎಂಬುದು ಇನ್ನೊಂದು. ಎರಡೂ ಮರುಕದಿಂದ ಹುಟ್ಟಿದ ಮಾತುಗಳೇ ಸರಿ. ಆದರೆ ಅವುಗಳಿಂದಾಗುವ ಹಾನಿ ಸಣ್ಣದಲ್ಲ. ಕಾರಣವನ್ನು ಹುಡುಕುವ ಕೆಲಸವನ್ನು ಅವು ಆರಂಭದಲ್ಲಿಯೇ ನಿಲ್ಲಿಸಿಬಿಡುತ್ತವೆ. ವಯಸ್ಸನ್ನು ಹಿಂದಕ್ಕೆ ತಿರುಗಿಸಲಾಗದು, ಗ್ರಹಗಳನ್ನು ತಡೆದು ನಿಲ್ಲಿಸಲಾಗದು, ಆದಕಾರಣ ಮಾಡತಕ್ಕದ್ದೇನೂ ಇಲ್ಲ ಎಂದಾಯಿತು. ಈ ತೀರ್ಮಾನ ತಪ್ಪು ಎಂಬುದೇ ಪ್ರಸ್ತುತ ಲೇಖನದ ವಾದ. ಮುಪ್ಪಿನಲ್ಲಿ ಸೊಂಟದ ಮೂಳೆ ಮುರಿಯಲು ಕಾರಣಗಳುಂಟು. ಅವುಗಳಲ್ಲಿ ಹೆಚ್ಚಿನವನ್ನು ಅಳೆಯಬಹುದು. ಅಳೆದವುಗಳಲ್ಲಿ ಕೆಲವನ್ನಾದರೂ ಬದಲಾಯಿಸಬಹುದು.

ಈ ಲೇಖಕನು ವೈದ್ಯನಲ್ಲ, ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವವನು. ಹಾಗಿದ್ದೂ ಈ ವಿಷಯವನ್ನು ಕುರಿತು ಬರೆಯಲು ಹೊರಟಿರುವುದೇಕೆಂದು ವಾಚಕರು ಕೇಳಬಹುದು. ಎತ್ತರ, ವೇಗ, ಬಲ, ಘರ್ಷಣೆ ಇವುಗಳನ್ನು ಬಿಟ್ಟು ಬೀಳುವುದೆಂಬ ಘಟನೆಯೇ ಇಲ್ಲವಷ್ಟೆ. ಪಠ್ಯಪುಸ್ತಕದಲ್ಲಿ ಓರೆಹಲಗೆಯ ಮೇಲೆ ಜಾರುವ ಮರದ ತುಂಡಿನ ಲೆಕ್ಕವನ್ನು ಬಿಡಿಸುವ ವಿದ್ಯಾರ್ಥಿಯು ತನ್ನ ಮನೆಯ ಮೆಟ್ಟಿಲಿನ ಮೇಲೆ ಜಾರುವ ಅಜ್ಜಿಯ ಲೆಕ್ಕವನ್ನೂ ಬಿಡಿಸಬಲ್ಲನು, ಬಿಡಿಸಬಲ್ಲಳು.

ಮಲೆನಾಡಿನವರಿಗೆ ಈ ಲೆಕ್ಕ ವಿಶೇಷವಾಗಿ ಅವಶ್ಯಕ. ಶೃಂಗೇರಿಯಿಂದ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿರುವ ಕಿಗ್ಗವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಲ್ಲಿಯ ಋಷ್ಯಶೃಂಗೇಶ್ವರನು ಮಳೆಯ ದೇವರೆಂದೇ ಪ್ರಸಿದ್ಧ. ಮಳೆ ಬಾರದಿದ್ದರೆ ಬರಲೆಂದೂ, ಮಿತಿಮೀರಿದರೆ ನಿಲ್ಲಲೆಂದೂ ಆತನ ಸನ್ನಿಧಿಯಲ್ಲಿ ಪ್ರಾರ್ಥಿಸುವ ವಾಡಿಕೆ ಉಂಟು. ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಅಂಗಳದ ಕಲ್ಲು, ತೋಟಕ್ಕಿಳಿಯುವ ಮೆಟ್ಟಿಲು, ಕೊಟ್ಟಿಗೆಗೆ ಹೋಗುವ ದಾರಿ ಎಲ್ಲವೂ ಹಾವಸೆ ಕಟ್ಟಿ ಹಸುರಾಗುತ್ತವೆ. ಒಂದೆರಡು ಮೆಟ್ಟಿಲಿಳಿದು ಬಚ್ಚಲನ್ನು ಸೇರಬೇಕಾದ ಹಳೆಯ ಮನೆಗಳು ಇನ್ನೂ ಅನೇಕ. ಗಾಳಿಗೆ ಮರವೊಂದು ತಂತಿಯ ಮೇಲೆ ಬಿದ್ದರೆ ವಿದ್ಯುದ್ದೀಪ ಆರಿತು. ಅದು ಮರಳಿ ಹತ್ತುವುದು ಯಾವಾಗಲೋ. ಅಡಕೆ ತೋಟದ ನಡುವಿನ ಒಂಟಿ ಮನೆಯಲ್ಲಿ ಬಿದ್ದವರನ್ನು ರಸ್ತೆಗೆ ತರುವುದೇ ಒಂದು ಸಾಹಸ. ಅನಂತರ ಶೃಂಗೇರಿ, ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದರೆ ಆಗುಂಬೆಯ ಘಾಟಿಯನ್ನಿಳಿದು ಮಣಿಪಾಲಕ್ಕೋ, ತೀರ್ಥಹಳ್ಳಿಯ ಮೇಲೆ ಶಿವಮೊಗ್ಗಕ್ಕೋ ಹೋಗಬೇಕು.

ಈ ಸಮಸ್ಯೆ ನಮ್ಮ ಮುತ್ತಜ್ಜಿಯರ ಕಾಲದಲ್ಲಿ ಇಷ್ಟು ದೊಡ್ಡದಾಗಿ ಕಾಣದಿರಲು ಸರಳವಾದ ಕಾರಣವೊಂದಿದೆ. ೧೯೫೧ರ ಸುಮಾರಿಗೆ ಭಾರತೀಯರ ಸರಾಸರಿ ಆಯುಸ್ಸು ೩೨ ವರ್ಷ ಮಾತ್ರವಾಗಿದ್ದಿತು. ಈಗ ಅದು ೭೦ರ ಆಸುಪಾಸಿನಲ್ಲಿದೆ. ಸೊಂಟ ಮುರಿಯುವ ವಯಸ್ಸನ್ನು ಮುಟ್ಟುವವರೇ ಅಂದು ವಿರಳ. ಜಗತ್ತಿನಲ್ಲಿ ೧೯೯೦ನೆಯ ಇಸವಿಯೊಂದರಲ್ಲೇ ಸುಮಾರು ೧೬ ಲಕ್ಷಕ್ಕೂ ಹೆಚ್ಚು ಜನ ಸೊಂಟ ಮುರಿದುಕೊಂಡರೆಂದು ಅಂದಾಜು ಮಾಡಿದ ತಜ್ಞರು, ೨೦೫೦ರ ವೇಳೆಗೆ ಈ ಸಂಖ್ಯೆ ವರ್ಷಕ್ಕೆ ೬೨ ಲಕ್ಷವನ್ನು ಮುಟ್ಟೀತೆಂದೂ, ಅದರಲ್ಲಿ ಅರ್ಧದಷ್ಟು ಏಷ್ಯಾ ಖಂಡದ ಪಾಲಿಗೆ ಬಂದೀತೆಂದೂ ೧೯೯೨ರಲ್ಲಿ ಎಚ್ಚರಿಸಿದರು. ದೀರ್ಘಾಯುಸ್ಸನ್ನು ಗಳಿಸಿಕೊಂಡ ಸಮಾಜ ಅದರ ಜೊತೆಗೆ ಬಂದ ಹೊಣೆಯನ್ನೂ ಹೊರಬೇಕಷ್ಟೆ.

ಮೂಳೆ ಜಡವಸ್ತುವಲ್ಲ

ಮೊದಲು ಒಂದು ಮಾತಿನ ಸ್ಪಷ್ಟೀಕರಣ. ‘ಸೊಂಟ ಮುರಿಯಿತು’ ಎಂದು ನಾವು ಹೇಳುವಾಗ ನಿಜವಾಗಿ ಮುರಿದಿರುವುದು ತೊಡೆಮೂಳೆಯ ಮೇಲ್ತುದಿ. ಈ ಮೂಳೆಯ ತಲೆ ಚೆಂಡಿನಂತೆ ಗುಂಡಾಗಿದ್ದು ಕಿಬ್ಬೊಟ್ಟೆಯ ಮೂಳೆಯ ಬಟ್ಟಲಿನಲ್ಲಿ ಕುಳಿತಿದೆ. ತಲೆಯನ್ನು ಮೂಳೆಯ ಕಾಂಡಕ್ಕೆ ಸೇರಿಸುವ ಭಾಗ ಓರೆಯಾಗಿ ಚಾಚಿಕೊಂಡಿರುವ ಒಂದು ಕತ್ತು. ಗೋಡೆಯಿಂದ ಹೊರಕ್ಕೆ ಚಾಚಿದ ತೊಲೆಯ ತುದಿಗೆ ಭಾರವನ್ನು ತೂಗಿದರೆ ತೊಲೆಯಲ್ಲಿ ಹೇಗೆ ಒಂದು ಪಕ್ಕ ಎಳೆತವೂ ಇನ್ನೊಂದು ಪಕ್ಕ ಒತ್ತಡವೂ ಉಂಟಾಗುವುವೋ, ಈ ಕತ್ತಿನಲ್ಲಿಯೂ ಹಾಗೆಯೇ ಆಗುತ್ತದೆ.

೧೮೬೦ರ ದಶಕದಲ್ಲಿ ಜೂರಿಕ್ ನಗರದ ಅಂಗರಚನಾ ವಿಜ್ಞಾನಿ ಹರ್ಮನ್ ಫಾನ್ ಮೆಯರ್ ಎಂಬಾತನು ತೊಡೆಮೂಳೆಯನ್ನು ಸೀಳಿ, ಅದರ ಒಳಗಿರುವ ನವುರಾದ ಎಳೆಗಳ ಜಾಲವನ್ನು ಚಿತ್ರಿಸಿದನು. ಆ ಚಿತ್ರವನ್ನು ಕಂಡ ಕಾರ್ಲ್ ಕುಲ್ಮನ್ ಎಂಬ ಎಂಜಿನಿಯರನು ಬೆರಗಾದನು. ಭಾರ ಎತ್ತುವ ಕ್ರೇನಿನ ಬಾಗಿದ ತೋಳಿನಲ್ಲಿ ಒತ್ತಡ ಎಳೆತಗಳು ಹರಿಯುವ ಗೆರೆಗಳನ್ನು ತಾನು ಲೆಕ್ಕ ಹಾಕಿ ಗೀಚಿದಂತೆಯೇ ಈ ಎಳೆಗಳು ಸಾಲುಗೊಂಡಿದ್ದುವು. ಮೂಳೆಯು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನೇ ಕಟ್ಟಿಕೊಳ್ಳುತ್ತದೆಯೆಂಬ ನಿಯಮವನ್ನು ೧೮೯೨ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವುಲ್ಫ್ ಮಂಡಿಸಿದನು. ಬಳಸಿದರೆ ಮೂಳೆ ಬಲಿಯುತ್ತದೆ, ಬಳಸದಿದ್ದರೆ ಸವೆಯುತ್ತದೆ. ಗುರುತ್ವದ ಭಾರವಿಲ್ಲದೆ ತಿಂಗಳುಗಟ್ಟಲೆ ಅಂತರಿಕ್ಷದಲ್ಲಿ ವಾಸಮಾಡಿ ಬಂದ ಯಾತ್ರಿಕರ ಮೂಳೆ ಸವೆದಿರುವುದು ಈ ನಿಯಮಕ್ಕೆ ನಮ್ಮ ಕಾಲದ ಸಾಕ್ಷಿ.

ಮೂಳೆಯಲ್ಲಿ ಎರಡು ಬಗೆಯ ಜೀವಕೋಶಗಳು ಸದಾ ದುಡಿಯುತ್ತಿರುತ್ತವೆ. ಒಂದು ಬಗೆಯವು ಹಳೆಯ ಮೂಳೆಯನ್ನು ಕರಗಿಸುತ್ತವೆ, ಇನ್ನೊಂದು ಬಗೆಯವು ಹೊಸದನ್ನು ಕಟ್ಟುತ್ತವೆ. ಹೀಗೆ ವರ್ಷಕ್ಕೆ ನಮ್ಮ ಅಸ್ಥಿಪಂಜರದ ಸುಮಾರು ಹತ್ತನೆಯ ಒಂದು ಭಾಗ ಹೊಸದಾಗುತ್ತದೆ. ಬಾಲ್ಯದಲ್ಲಿ ಕಟ್ಟುವವರ ಕೈ ಮೇಲು, ನಡುವಯಸ್ಸಿನಲ್ಲಿ ಸಮಸಮ, ಆಮೇಲೆ ಕೆಡಹುವವರ ಕೈ ಮೇಲಾಗುತ್ತದೆ. ಹೆಂಗಸರಲ್ಲಿ ಈ ಸಮತೋಲವನ್ನು ಕಾಯುವುದು ಈಸ್ಟ್ರೊಜನ್ ಎಂಬ ಹಾರ್ಮೋನು. ಮುಟ್ಟು ನಿಂತೊಡನೆ ಅದರ ಉತ್ಪತ್ತಿ ಕುಗ್ಗುತ್ತದೆ. ಅಲ್ಲಿಂದ ಐದಾರು ವರ್ಷಗಳಲ್ಲಿ ಮೂಳೆಯ ಹತ್ತರಿಂದ ಇಪ್ಪತ್ತರಷ್ಟು ಶೇಕಡಾ ಭಾಗ ಕರಗಿಹೋಗಬಹುದು. ಈ ಸಂಬಂಧವನ್ನು ೧೯೪೧ರ ಸುಮಾರಿಗೆ ಮೊದಲು ಸ್ಪಷ್ಟವಾಗಿ ತೋರಿಸಿದವನು ಅಮೆರಿಕದ ಫುಲ್ಲರ್ ಆಲ್‌ಬ್ರೈಟ್ ಎಂಬ ವೈದ್ಯ. ಮೂಳೆ ಹೀಗೆ ತೆಳುವಾಗಿ, ಒಳಗಿನ ಜಾಲ ಅಲ್ಲಲ್ಲಿ ಹರಿದು, ಟೊಳ್ಳಾಗುವ ಸ್ಥಿತಿಗೆ ಆಸ್ಟಿಯೊಪೊರೋಸಿಸ್, ಅಂದರೆ ಅಸ್ಥಿರಂಧ್ರತೆ ಎಂದು ಹೆಸರು. ಅದಕ್ಕೆ ನೋವಿಲ್ಲ, ಬಾವಿಲ್ಲ. ಮೊದಲ ಲಕ್ಷಣವೇ ಅನೇಕ ವೇಳೆ ಮೂಳೆ ಮುರಿತ.

ಬೀಳುವಿಕೆಯ ಲೆಕ್ಕ

ಹಳ್ಳಿಗಳಲ್ಲಿ ಕೆಲವರು ‘ಮೂಳೆ ಮೊದಲೇ ಮುರಿದಿತ್ತು, ಅದರಿಂದ ಬಿದ್ದರು’ ಎನ್ನುವುದುಂಟು. ಹಾಗಾಗುವುದು ಅಪರೂಪ. ಸೊಂಟದ ಮುರಿತಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಬೀಳುವುದರಿಂದಲೇ ಆಗುತ್ತವೆ. ಅದೂ ಮರದಿಂದ ಬಿದ್ದಲ್ಲ. ನಿಂತ ಎತ್ತರದಿಂದ, ಮನೆಯ ಆಸುಪಾಸಿನಲ್ಲಿ, ಹೆಚ್ಚಾಗಿ ಪಕ್ಕಕ್ಕೆ ಬಿದ್ದು.

ನಿಂತ ಎತ್ತರವೆಂದರೆ ಅಲ್ಪವೆಂದು ತೋರುತ್ತದೆ. ಲೆಕ್ಕ ಹಾಕಿ ನೋಡೋಣ. ೫೦ ಕಿಲೋಗ್ರಾಂ ತೂಕದ ಮಹಿಳೆಯ ದೇಹ ಸರಾಸರಿ ೦.೭ ಮೀಟರ್ ಕೆಳಕ್ಕೆ ಬಂದಿತೆನ್ನಿ. ಆಗ ಬಿಡುಗಡೆಯಾಗುವ ಪ್ರಚ್ಛನ್ನ ಶಕ್ತಿ ೫೦ × ೯.೮ × ೦.೭, ಅಂದರೆ ಸುಮಾರು ೩೪೦ ಜೂಲ್. ಮಂಡಿ ಮಡಚುವುದರಿಂದಲೂ ಸ್ನಾಯುಗಳು ತಡೆಯುವುದರಿಂದಲೂ ಇದರಲ್ಲಿ ಒಂದಷ್ಟು ವ್ಯಯವಾಗುತ್ತದೆ. ಉಳಿದುದು ದೇಹದ ಬೇರೆ ಬೇರೆ ಭಾಗಗಳಿಗೆ ಹಂಚಿಹೋಗುತ್ತದೆ. ಹಾಗಿದ್ದರೂ ಸೊಂಟ ನೆಲವನ್ನು ತಾಕುವ ವೇಗ ಸೆಕೆಂಡಿಗೆ ಸುಮಾರು ೩ ಮೀಟರ್ ಇರಬಲ್ಲುದು. ಒಟ್ಟು ಶಕ್ತಿಯಲ್ಲಿ ೧೦೦ ಜೂಲ್ ಮಾತ್ರ ಸೊಂಟದ ಪಾರ್ಶ್ವಕ್ಕೆ ತಲುಪಿತೆಂದು ಭಾವಿಸೋಣ. ಈ ಶಕ್ತಿಯನ್ನು ಹೀರಿಕೊಳ್ಳುವಷ್ಟರಲ್ಲಿ ದೇಹದ ಆ ಭಾಗ ೫ ಸೆಂಟಿಮೀಟರ್ ಅದುಮಿಕೊಂಡರೆ ಸರಾಸರಿ ಬಲ ೨,೦೦೦ ನ್ಯೂಟನ್. ಮಾಂಸ ಮೇದಸ್ಸುಗಳು ತೆಳುವಾಗಿದ್ದು ೨ ಸೆಂಟಿಮೀಟರ್ ಮಾತ್ರ ಅದುಮಿಕೊಂಡರೆ ಬಲ ೫,೦೦೦ ನ್ಯೂಟನ್. ಅಂದರೆ ಅರ್ಧ ಟನ್ ಭಾರವನ್ನು ಹೇರಿದಂತೆ. ವೃದ್ಧೆಯರ ತೊಡೆಮೂಳೆ ಪಕ್ಕಕ್ಕೆ ಬಿದ್ದಾಗ ತಡೆಯಬಲ್ಲ ಬಲ ಸಾಮಾನ್ಯವಾಗಿ ೨,೦೦೦ದಿಂದ ೪,೦೦೦ ನ್ಯೂಟನ್‌ಗಳ ನಡುವೆ ಇರುತ್ತದೆ. ಯುವಜನರ ಮೂಳೆ ತಡೆಯುವುದರ ಸುಮಾರು ಅರ್ಧ. ತೆಳ್ಳಗಿನ ಹೆಂಗಸರಿಗೆ ಅಪಾಯ ಹೆಚ್ಚೆಂದು ವೈದ್ಯರು ಹೇಳುವುದರ ಒಂದು ಕಾರಣ ಈ ಭಾಗಾಕಾರದಲ್ಲಿಯೇ ಇದೆ.

ಇನ್ನು ದಿಕ್ಕಿನ ಮಾತು. ನಡೆಯುವಾಗ ತೊಡೆಮೂಳೆಯ ತಲೆಯ ಮೇಲೆ ದೇಹತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಆದರೂ ಅದು ಮುರಿಯುವುದಿಲ್ಲ, ಏಕೆಂದರೆ ಜೀವನವೆಲ್ಲ ಆ ದಿಕ್ಕಿನ ಭಾರವನ್ನು ಹೊತ್ತು ಒಳಗಿನ ಎಳೆಗಳು ಅದಕ್ಕೆ ತಕ್ಕಂತೆ ಕಟ್ಟಿಕೊಂಡಿವೆ. ಪಕ್ಕಕ್ಕೆ ಬಿದ್ದಾಗ ಬಲ ಅಡ್ಡದಿಕ್ಕಿನಿಂದ ಬರುತ್ತದೆ. ಎಂದೂ ಹೆಚ್ಚು ಒತ್ತಡವನ್ನು ಕಾಣದ, ವಯಸ್ಸಿನೊಡನೆ ತೀರ ತೆಳುವಾಗಿರುವ ಕತ್ತಿನ ಮೇಲ್ಭಾಗ ಆಗ ಒತ್ತಡಕ್ಕೆ ಸಿಕ್ಕಿ ಕುಸಿಯುತ್ತದೆ.

ಇಷ್ಟೆಲ್ಲ ನಡೆಯಲು ಹಿಡಿಯುವ ಕಾಲ ಅರ್ಧ ಸೆಕೆಂಡಿನ ಆಸುಪಾಸು. ಐವತ್ತೈದರ ಮಹಿಳೆ ಅಷ್ಟರೊಳಗೆ ಕೈಯನ್ನು ಮುಂದೆ ಚಾಚಿ ನೆಲಕ್ಕೂರುತ್ತಾಳೆ. ಸೊಂಟ ಉಳಿಯುತ್ತದೆ, ಮಣಿಕಟ್ಟು ಮುರಿಯುತ್ತದೆ. ಎಪ್ಪತ್ತೈದರ ಮಹಿಳೆಗೆ ಅಷ್ಟು ಚುರುಕಿಲ್ಲ. ಕೈ ಚಾಚುವ ಮೊದಲೇ ಸೊಂಟ ನೆಲವನ್ನು ಮುಟ್ಟಿರುತ್ತದೆ. ಐವತ್ತು ದಾಟಿದ ಹೆಂಗಸು ಸುಮ್ಮನೆ ಬಿದ್ದು ಮಣಿಕಟ್ಟನ್ನು ಮುರಿದುಕೊಂಡರೆ ನಾವು ಪಟ್ಟಿ ಕಟ್ಟಿಸಿ, ಮೂಳೆ ಕೂಡಿದ ಮೇಲೆ ಮರೆತುಬಿಡುತ್ತೇವೆ. ಅದು ಇಪ್ಪತ್ತು ವರ್ಷ ಮುಂಚಿತವಾಗಿ ಬಂದ ಎಚ್ಚರಿಕೆಯೆಂದು ಯಾರೂ ಓದುವುದಿಲ್ಲ.

ಯಾರಿಗೆ ಅಪಾಯ ಹೆಚ್ಚು?

ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ಅಮೆರಿಕದಲ್ಲಿ ೧೯೮೬ರಲ್ಲಿ ಒಂದು ದೊಡ್ಡ ಅಧ್ಯಯನ ಆರಂಭವಾಯಿತು. ೬೫ ವರ್ಷ ದಾಟಿದ, ಹಿಂದೆ ಸೊಂಟ ಮುರಿಯದಿದ್ದ ೯,೫೧೬ ಮಹಿಳೆಯರನ್ನು ಸರಾಸರಿ ನಾಲ್ಕು ವರ್ಷ ಅನುಸರಿಸಿ ನೋಡಿದಾಗ ೧೯೨ ಮಂದಿ ಸೊಂಟ ಮುರಿದುಕೊಂಡಿದ್ದರು. ಸ್ಟೀವನ್ ಕಮ್ಮಿಂಗ್ಸ್ ಮತ್ತು ಸಹೋದ್ಯೋಗಿಗಳು ೧೯೯೫ರಲ್ಲಿ ಪ್ರಕಟಿಸಿದ ಇದರ ಫಲಿತಾಂಶ ಇಂದಿಗೂ ಓದತಕ್ಕದ್ದು.

ಮೂಳೆಯ ಸಾಂದ್ರತೆ ಕಡಿಮೆಯಿದ್ದರೆ ಅಪಾಯ ಹೆಚ್ಚೆಂಬುದು ನಿರೀಕ್ಷಿತವೇ. ಗಮನಿಸತಕ್ಕದ್ದು ಉಳಿದ ಪಟ್ಟಿಯನ್ನು. ತಾಯಿಗೆ ಸೊಂಟ ಮುರಿದಿದ್ದರೆ ಮಗಳ ಅಪಾಯ ಇಮ್ಮಡಿ. ಕೈಯೂರದೆ ಕುರ್ಚಿಯಿಂದ ಏಳಲಾಗದವರ ಅಪಾಯವೂ ಸುಮಾರು ಇಮ್ಮಡಿ. ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಕಾಲ ಮೇಲೆ ನಿಲ್ಲದವರು, ಐವತ್ತರ ಅನಂತರ ಯಾವುದಾದರೂ ಮೂಳೆಯನ್ನು ಮುರಿದುಕೊಂಡವರು, ದೂರ ಸಮೀಪಗಳನ್ನು ಕಣ್ಣಳತೆಯಿಂದ ತಿಳಿಯಲಾರದವರು, ಬೆಳಕು ನೆರಳುಗಳ ವ್ಯತ್ಯಾಸವನ್ನು ಸರಿಯಾಗಿ ಕಾಣದವರು, ದೀರ್ಘಕಾಲ ಮೈಯಲ್ಲಿ ಉಳಿಯುವ ನಿದ್ರೆಮಾತ್ರೆಗಳನ್ನು ಸೇವಿಸುವವರು, ಥೈರಾಯಿಡ್ ಗ್ರಂಥಿಯ ಅತಿಚಟುವಟಿಕೆಯಿಂದ ಬಳಲಿದವರು, ಎತ್ತರದ ಮೈಕಟ್ಟಿನವರು, ಇವರೆಲ್ಲರೂ ಆ ಪಟ್ಟಿಯಲ್ಲಿದ್ದಾರೆ. ವ್ಯಾಯಾಮಕ್ಕಾಗಿ ನಡೆಯುವವರಿಗೆ ಅಪಾಯ ಕಡಿಮೆ. ಕಾಫಿಯ ಸೀಮೆಯವರಾದ ನಮಗೆ ರುಚಿಸದ ಕೆಫೀನಿನ ಹೆಸರೂ ಪಟ್ಟಿಯಲ್ಲಿದೆ. ಆದರೆ ಅದರ ಪ್ರಭಾವ ಉಳಿದವುಗಳಿಗಿಂತ ಅಲ್ಪ, ಮತ್ತು ನಮ್ಮ ಕಾಫಿಯಲ್ಲಿ ಹಾಲೂ ಇರುತ್ತದೆ. ಈ ಬಗೆಯ ಕಾರಣಗಳು ಎರಡನ್ನು ಮೀರದೆ, ಮೂಳೆಯ ಸಾಂದ್ರತೆಯೂ ವಯಸ್ಸಿಗೆ ತಕ್ಕಷ್ಟಿದ್ದ ಮಹಿಳೆಯರಲ್ಲಿ ವರ್ಷಕ್ಕೆ ಸಾವಿರಕ್ಕೆ ೧.೧ ಮಂದಿ ಮಾತ್ರ ಸೊಂಟ ಮುರಿದುಕೊಂಡರು. ಐದು ಅಥವಾ ಹೆಚ್ಚು ಕಾರಣಗಳಿದ್ದು, ಸಾಂದ್ರತೆಯೂ ಕೆಳಗಿನ ಮೂರನೆಯ ಒಂದು ಭಾಗದಲ್ಲಿದ್ದವರಲ್ಲಿ ಸಾವಿರಕ್ಕೆ ೨೭ ಮಂದಿ.

ಈ ಅಧ್ಯಯನದಲ್ಲಿದ್ದವರು ಬಿಳಿಯ ಅಮೆರಿಕನ್ನರು. ಅಲ್ಲಿಯ ಅಂಕಿಗಳನ್ನು ಹಾಗೆಯೇ ಎತ್ತಿ ಕೊಪ್ಪ, ಶೃಂಗೇರಿಗಳ ಮೇಲೆ ಇಡುವುದು ಸರಿಯಲ್ಲ. ಆದರೆ ಕಾರಣಗಳ ಸ್ವರೂಪವನ್ನು ನೋಡಿ. ಅವುಗಳಲ್ಲಿ ಕೆಲವು ಮೂಳೆಯ ಬಲಕ್ಕೆ ಸಂಬಂಧಿಸಿದವು. ಕಣ್ಣು, ಕಾಲಿನ ಶಕ್ತಿ, ನಿದ್ರೆಮಾತ್ರೆ ಇವು ಬೀಳುವ ಸಂಭವಕ್ಕೆ ಸಂಬಂಧಿಸಿದವು. ಮೂಳೆ ಎಷ್ಟು ದುರ್ಬಲ, ಬೀಳುವುದು ಎಷ್ಟು ಸಲ, ಯಾವ ಪಕ್ಕಕ್ಕೆ ಎಂಬ ಸಂಗತಿಗಳು ಒಂದನ್ನೊಂದು ಗುಣಿಸುತ್ತವೆ. ಗುಣಾಕಾರದ ಸ್ವಭಾವವೇನೆಂದರೆ, ಅಪವರ್ತನಗಳಲ್ಲಿ ಯಾವುದೇ ಒಂದನ್ನು ತಗ್ಗಿಸಿದರೂ ಗುಣಲಬ್ಧ ತಗ್ಗುತ್ತದೆ. ಎಪ್ಪತ್ತರ ಮೂಳೆಯನ್ನು ಇಪ್ಪತ್ತರ ಮೂಳೆಯಾಗಿ ಮಾಡಲಾಗದು. ಆದರೆ ಎಪ್ಪತ್ತರ ಅಜ್ಜಿ ನಡೆಯುವ ನೆಲವನ್ನು ಈ ವಾರವೇ ಸರಿಪಡಿಸಬಹುದು.

ಮಾತ್ರೆಯೊಂದೇ ಸಾಲದು

ನಾವು ಮಾಡುತ್ತಿರುವುದು ಇದಕ್ಕೆ ವಿರುದ್ಧವಾದುದು. ಮೂಳೆಯ ವಿಷಯ ಬಂದೊಡನೆ ನಮ್ಮ ಯೋಚನೆ ಔಷಧದ ಅಂಗಡಿಯ ಕಡೆಗೆ ಓಡುತ್ತದೆ. ಮೂಳೆಯ ಸಾಂದ್ರತೆಯನ್ನು ಅಳೆಯುವ ಯಂತ್ರವೊಂದುಂಟು. ೧೯೮೭ರ ಸುಮಾರಿಗೆ ಬಳಕೆಗೆ ಬಂದ ಈ ಯಂತ್ರ ಎರಡು ಬೇರೆ ಬೇರೆ ಶಕ್ತಿಯ ಎಕ್ಸ್-ಕಿರಣಗಳನ್ನು ದೇಹದ ಮೂಲಕ ಹಾಯಿಸುತ್ತದೆ. ಕ್ಯಾಲ್ಸಿಯಮ್ಮಿನ ಪರಮಾಣುಸಂಖ್ಯೆ ೨೦. ಮಾಂಸದಲ್ಲಿರುವ ಇಂಗಾಲ, ಆಮ್ಲಜನಕಗಳದು ೬ ಮತ್ತು ೮. ಕಡಿಮೆ ಶಕ್ತಿಯ ಕಿರಣಗಳನ್ನು ಕ್ಯಾಲ್ಸಿಯಂ ಬಹಳ ಹೆಚ್ಚಾಗಿ ಹೀರುವುದರಿಂದ ಎರಡು ಅಳತೆಗಳನ್ನು ಹೋಲಿಸಿ ಮೂಳೆಯನ್ನೂ ಮಾಂಸವನ್ನೂ ಬೇರ್ಪಡಿಸಿ ಲೆಕ್ಕ ಹಾಕಬಹುದು. ಸುಂದರವಾದ ಉಪಾಯ, ಅವಶ್ಯವಿದ್ದವರು ಮಾಡಿಸಿಕೊಳ್ಳತಕ್ಕ ಪರೀಕ್ಷೆ. ಆದರೆ ಅದು ಅಳೆಯುವುದು ಮೂಳೆಯನ್ನು, ಮೆಟ್ಟಿಲನ್ನಲ್ಲ. ಮೇಲೆ ಹೇಳಿದ ಅಮೆರಿಕದ ಅಧ್ಯಯನದಲ್ಲಿಯೇ, ಮುಂದೆ ಸೊಂಟ ಮುರಿದುಕೊಂಡವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ ಆರಂಭದ ಅಳತೆಯ ಪ್ರಕಾರ ಅಸ್ಥಿರಂಧ್ರತೆ ಇರಲಿಲ್ಲವೆಂದು ೨೦೦೫ರಲ್ಲಿ ತಿಳಿದುಬಂದಿತು.

ಔಷಧಗಳು ನಿರರ್ಥಕವೆಂದು ಇದರ ಅರ್ಥವಲ್ಲ. ಅಸ್ಥಿರಂಧ್ರತೆ ನಿಶ್ಚಿತವಾದವರಲ್ಲಿ ಮೂಳೆ ಕರಗುವುದನ್ನು ತಡೆಯುವ ಅಲೆಂಡ್ರೊನೇಟಿನಂಥ ಮದ್ದುಗಳು ಸೊಂಟದ ಮುರಿತವನ್ನು ಸುಮಾರು ಅರ್ಧಕ್ಕೆ ಇಳಿಸಬಲ್ಲವು. ವೈದ್ಯರು ಬರೆದುಕೊಟ್ಟರೆ ತೆಗೆದುಕೊಳ್ಳಲೇಬೇಕು. ಆದರೆ ಆರೋಗ್ಯವಂತರೆಲ್ಲರೂ ಕ್ಯಾಲ್ಸಿಯಂ ಮಾತ್ರೆಯನ್ನೋ ‘ಡಿ’ ಜೀವಸತ್ತ್ವದ ಮಾತ್ರೆಯನ್ನೋ ನುಂಗಿ ನಿಶ್ಚಿಂತರಾಗಬಹುದೆಂಬ ನಂಬಿಕೆಗೆ ಆಧಾರ ಬಲವಾಗಿಲ್ಲ. ಫ್ರಾನ್ಸಿನ ವೃದ್ಧಾಶ್ರಮಗಳಲ್ಲಿದ್ದ, ಪೋಷಕಾಂಶಗಳ ಕೊರತೆಯಿದ್ದ ಮಹಿಳೆಯರಿಗೆ ಇವೆರಡನ್ನೂ ಕೊಟ್ಟಾಗ ಸೊಂಟದ ಮುರಿತ ಕಡಿಮೆಯಾಯಿತೆಂದು ೧೯೯೨ರಲ್ಲಿ ವರದಿಯಾಯಿತು. ಕೊರತೆಯಿದೆಯೇ ಎಂದು ನೋಡದೆ ಸಾವಿರಾರು ಅಮೆರಿಕನ್ನರಿಗೆ ‘ಡಿ’ ಜೀವಸತ್ತ್ವವನ್ನು ಮಾತ್ರ ಕೊಟ್ಟ ಪ್ರಯೋಗದಲ್ಲಿ ಮುರಿತ ಕಡಿಮೆಯಾಗಲಿಲ್ಲವೆಂದು ೨೦೨೨ರಲ್ಲಿ ತಿಳಿಯಿತು. ಕೊರತೆಯನ್ನು ತುಂಬುವುದು ಬೇರೆ. ತುಂಬಿದ ಕೊಡಕ್ಕೆ ನೀರು ಸುರಿಯುವುದು ಬೇರೆ.

ಬೀಳುವಿಕೆಯನ್ನು ತಡೆಯುವ ಉಪಾಯಗಳ ಫಲವನ್ನೂ ಅಷ್ಟೇ ಕಟ್ಟುನಿಟ್ಟಾಗಿ ಅಳೆದಿದ್ದಾರೆ. ಸಮತೋಲವನ್ನೂ ಕಾಲಿನ ಬಲವನ್ನೂ ಬೆಳೆಸುವ ವ್ಯಾಯಾಮದಿಂದ ಬೀಳುವಿಕೆ ನೂರಕ್ಕೆ ಸುಮಾರು ೨೩ರಷ್ಟು ಕಡಿಮೆಯಾಗುತ್ತದೆ. ಮನೆಯಲ್ಲಿರುವ ಜಾರುವ, ಎಡವುವ ಸ್ಥಳಗಳನ್ನು ಸರಿಪಡಿಸಿದರೆ ಸುಮಾರು ೨೬ರಷ್ಟು. ಮೊದಲೇ ಬಿದ್ದ ಅನುಭವವಿದ್ದು ಅಪಾಯ ಹೆಚ್ಚಿರುವವರ ಮನೆಗಳಲ್ಲಿ ೩೮ರಷ್ಟು. ಇಂಗ್ಲೆಂಡಿನಲ್ಲಿ ಮೊದಲ ಕಣ್ಣಿನ ಪೊರೆಯನ್ನು ತಡಮಾಡದೆ ತೆಗೆಸಿದ ವೃದ್ಧೆಯರಲ್ಲಿ ಬೀಳುವಿಕೆ ಮೂರನೆಯ ಒಂದು ಭಾಗದಷ್ಟು ಇಳಿಯಿತೆಂದು ೨೦೦೫ರಲ್ಲಿ ಪ್ರಕಟವಾಯಿತು. ಇಂಥ ಫಲವನ್ನು ಕೊಡುವ ಮಾತ್ರೆಯೊಂದು ಬಂದಿದ್ದರೆ ಅದರ ಜಾಹೀರಾತನ್ನು ಪ್ರತಿ ಬೀದಿಯಲ್ಲೂ ಕಾಣುತ್ತಿದ್ದೆವು. ಒರಟು ಕಲ್ಲಿಗೂ ಗೋಡೆಯ ಹಿಡಿಕೆಗೂ ಜಾಹೀರಾತು ಹಾಕುವವರಾರು?

ಮನೆಯೇ ಪ್ರಯೋಗಶಾಲೆ

ಮಲೆನಾಡಿನ ಹಿರಿಯರಿಗೆ ಘರ್ಷಣೆಯ ನಿಯಮ ತಿಳಿಯದಿರಲಿಲ್ಲ. ಮಳೆಗಾಲ ಬರುವ ಮುನ್ನ ಅಂಗಳಕ್ಕೆ ಅಡಕೆಯ ಸೋಗೆಯನ್ನು ಹಾಸುವುದು, ಓಡಾಡುವ ಜಾಗಕ್ಕೆ ದಬ್ಬೆಗಳನ್ನು ಅಡ್ಡಲಾಗಿ ಜೋಡಿಸುವುದು, ಹಾವಸೆಯನ್ನು ಕೆರೆದು ತೆಗೆಯುವುದು ಇವೆಲ್ಲ ಜಾರುವುದನ್ನು ತಡೆಯುವ ಕ್ರಮಗಳೇ. ಈಚೆಗೆ ಮಕ್ಕಳು ಪಟ್ಟಣದಲ್ಲಿ ಗಳಿಸಿ ಊರಿನ ಮನೆಯನ್ನು ಹೊಸದು ಮಾಡುವಾಗ ಒರಟಾದ ನೆಲವನ್ನು ತೆಗೆಸಿ ಕನ್ನಡಿಯಂತೆ ಹೊಳೆಯುವ ಟೈಲ್ಸನ್ನು ಹಾಸಿಸುತ್ತಾರೆ. ಬಚ್ಚಲಿಗೂ ಜಗಲಿಗೂ ಅದೇ. ಒದ್ದೆಗಾಲಿನಲ್ಲಿ ಅದರ ಮೇಲೆ ನಡೆಯುವವರು ತಂದೆತಾಯಿಗಳು. ಪ್ರೀತಿಯಿಂದ ಮಾಡಿದ ಖರ್ಚೇ ಹೀಗೆ ಅಪಾಯವಾಗುತ್ತದೆ.

ಇದನ್ನು ಮಾತಿನಿಂದ ವಾದಿಸುವ ಬದಲು ಅಳೆದು ತೋರಿಸಬಹುದು. ಒಂದು ಟೈಲಿನ ಮೇಲೆ ಅಜ್ಜಿಯ ಚಪ್ಪಲಿಯನ್ನಿಟ್ಟು, ಅದರ ಮೇಲೆ ಒಂದು ತೂಕವನ್ನಿಡಿ. ಟೈಲಿನ ಒಂದು ತುದಿಯನ್ನು ನಿಧಾನವಾಗಿ ಎತ್ತಿ, ಚಪ್ಪಲಿ ಜಾರಲು ಆರಂಭಿಸುವ ಎತ್ತರವನ್ನು ಗುರುತಿಸಿ. ಆ ಎತ್ತರವನ್ನು ನೆಲದುದ್ದದ ಅಂತರದಿಂದ ಭಾಗಿಸಿದರೆ ಬರುವುದೇ ಘರ್ಷಣಾಂಕ. ಒಣಗಿದ ಟೈಲು,  ಒದ್ದೆಯಾದ ಟೈಲು, ಸಾಬೂನು ನೀರು ಸವರಿದ ಟೈಲು, ಒರಟು ಕಲ್ಲು, ಹಾವಸೆ ಕಟ್ಟಿದ ಕಲ್ಲು ಹೀಗೆ ಬೇರೆ ಬೇರೆಯಾಗಿ ಅಳೆಯಿರಿ. ಸಾಮಾನ್ಯ ನಡಿಗೆಗೆ ಸುಮಾರು ೦.೨ರಷ್ಟು ಘರ್ಷಣಾಂಕ ಬೇಕು. ಅಂದರೆ ೧೦೦ ಸೆಂಟಿಮೀಟರ್ ಬುಡಕ್ಕೆ ೨೦ ಸೆಂಟಿಮೀಟರ್ ಎತ್ತುವಷ್ಟರಲ್ಲಿ ಚಪ್ಪಲಿ ಜಾರಿದರೆ ಆ ನೆಲದ ಮೇಲೆ ನಡೆಯುವುದೇ ಅಪಾಯ. ಸುರಕ್ಷಿತವೆನ್ನಬೇಕಾದರೆ ಅದರ ಎರಡರಷ್ಟಾದರೂ ಇರುವುದು ಮೇಲು.

ಎರಡನೆಯದು ಬೆಳಕು. ವೃದ್ಧರ ಕಣ್ಣಿಗೆ ಮಂಕಾದ ಬೆಳಕಿನಲ್ಲಿ ಒಂದೇ ಬಣ್ಣದ ಮೆಟ್ಟಿಲುಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಮೆಟ್ಟಿಲಿನ ಅಂಚಿಗೆ ಎರಡು ಬೆರಳಗಲದ ಬಿಳಿಯ ಪಟ್ಟೆಯನ್ನು ಬಳಿದರೆ ಅದು ಪ್ರತ್ಯೇಕವಾಗಿ ಕಾಣುತ್ತದೆ. ಹಾಸಿಗೆಯಿಂದ ಬಚ್ಚಲಿನವರೆಗಿನ ದಾರಿಯಲ್ಲಿ ರಾತ್ರಿ ಉರಿಯುವ ಸಣ್ಣ ದೀಪ, ವಿದ್ಯುತ್ತು ಹೋದರೆ ಕೈಗೆಟುಕುವಲ್ಲಿ ಬ್ಯಾಟರಿ, ಬಚ್ಚಲಿನ ಗೋಡೆಗೆ ಭದ್ರವಾದ ಒಂದು ಹಿಡಿಕೆ: ಇವೆಲ್ಲ ಒಂದು ದಿನದ ಕೆಲಸ.

ಮೂರನೆಯದು ಅಜ್ಜಿಯ ಕಾಲುಗಳು. ‘ನೀನು ಸುಮ್ಮನೆ ಒಂದು ಕಡೆ ಕುಳಿತಿರಮ್ಮ’ ಎಂಬುದು ನಮ್ಮ ಮನೆಗಳಲ್ಲಿ ಹಿರಿಯರಿಗೆ ತೋರಿಸುವ ಕಾಳಜಿಯ ಮಾತು. ಕುಳಿತಲ್ಲೇ ಕುಳಿತರೆ ತೊಡೆಯ ಸ್ನಾಯು ಸೊರಗುತ್ತದೆ, ಮೂಳೆ ಸವೆಯುತ್ತದೆ, ಸಮತೋಲ ತಪ್ಪುತ್ತದೆ. ಒಂದು ದಿನ ಯಾವುದೋ ಅವಶ್ಯಕತೆಗೆ ಎದ್ದಾಗ ಬೀಳುವುದು ಖಂಡಿತ. ಹೂ ಕೊಯ್ಯುವ, ಅಂಗಳದಲ್ಲಿ ಓಡಾಡುವ ಕೆಲಸವನ್ನು ಅವರಿಂದ ಕಿತ್ತುಕೊಳ್ಳಬಾರದು. ಆ ಕೆಲಸ ನಡೆಯುವ ನೆಲವನ್ನು ಸರಿಪಡಿಸಬೇಕು. ಕೈಯೂರದೆ ಕುರ್ಚಿಯಿಂದ ಏಳಬಲ್ಲರೇ ಎಂದು ತಿಂಗಳಿಗೊಮ್ಮೆ ನೋಡಿ. ಹಿಂದೆ ಏಳುತ್ತಿದ್ದವರು ಈಗ ಏಳಲಾರದಾದರೆ ವೈದ್ಯರಿಗೆ ತಿಳಿಸತಕ್ಕ ಸಂಗತಿ ಅದು.

ಇಷ್ಟಾಗಿಯೂ ಬೀಳುವುದುಂಟು. ಬಿದ್ದವರು ಮತ್ತೆ ನಿಲ್ಲಲಾರದೆ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿಕೊಂಡಂತೆ ಕಂಡರೆ ಎಣ್ಣೆ ತಿಕ್ಕುತ್ತ, ಪಟ್ಟು ಹಾಕಿಸುತ್ತ ದಿನ ಕಳೆಯಬಾರದು. ಒಂದೆರಡು ದಿನಗಳೊಳಗೆ ಶಸ್ತ್ರಚಿಕಿತ್ಸೆಯಾಗಿ ಬೇಗ ನಡೆಯತೊಡಗಿದವರು ಚೇತರಿಸಿಕೊಳ್ಳುವ ಸಂಭವ ಹೆಚ್ಚು. ಹಾಸಿಗೆ ಹಿಡಿದು ತಿಂಗಳುಗಟ್ಟಲೆ ಮಲಗಿದವರನ್ನು ಕೊಲ್ಲುವುದು ಮೂಳೆಯಲ್ಲ. ಶ್ವಾಸಕೋಶದ ಸೋಂಕು, ಹಾಸಿಗೆ ಹುಣ್ಣು, ರಕ್ತನಾಳದಲ್ಲಿ ಹೆಪ್ಪುಗಟ್ಟಿದ ನೆತ್ತರು. ಚಿಕಿತ್ಸೆ ಸುಲಭವಾಗಿ ದೊರೆಯುವ ದೇಶಗಳಲ್ಲಿಯೂ ಸೊಂಟ ಮುರಿದ ವೃದ್ಧರಲ್ಲಿ ಐವರಿಗೆ ಒಬ್ಬರಾದರೂ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲಿ ಅನೇಕರು ಮೊದಲಿನಂತೆ ಒಬ್ಬರೇ ನಡೆದಾಡಲಾರರು.

ಹದಿನಾರರ ಮೂಳೆ

ಕೊನೆಯದಾಗಿ, ಈ ಪುಟವನ್ನು ಓದುತ್ತಿರುವ ವಿದ್ಯಾರ್ಥಿನಿಯರಿಗೆ ವಿಶೇಷವಾಗಿ ಒಂದು ಮಾತು. ಹುಡುಗಿಯರು ಹದಿನೆಂಟನ್ನು ಮುಟ್ಟುವಷ್ಟರಲ್ಲಿ ತಮ್ಮ ಜೀವನದ ಗರಿಷ್ಠ ಮೂಳೆಯ ಸುಮಾರು ತೊಂಬತ್ತು ಪಾಲನ್ನು ಸಂಪಾದಿಸಿಬಿಟ್ಟಿರುತ್ತಾರೆ. ಆಮೇಲೆ ನಡೆಯುವುದು ಹೆಚ್ಚಾಗಿ ಖರ್ಚಿನ ವ್ಯವಹಾರ. ಇಡುಗಂಟು ದೊಡ್ಡದಾಗಿದ್ದರೆ ಖರ್ಚು ತಡೆಯುತ್ತದೆ.

ಇಡುಗಂಟನ್ನು ಬೆಳೆಸುವ ಸಾಮಗ್ರಿ ಕ್ಯಾಲ್ಸಿಯಂ. ಪ್ರಾಯದವರಿಗೆ ದಿನಕ್ಕೆ ೧,೦೦೦ ಮಿಲಿಗ್ರಾಂ, ಮುಟ್ಟು ನಿಂತವರಿಗೆ ೧,೨೦೦ ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ೨೦೨೦ರಲ್ಲಿ ಸೂಚಿಸಿದೆ. ಮಲೆನಾಡಿನ ಮುಖ್ಯ ಆಹಾರವಾದ ಅಕ್ಕಿಯ ನೂರು ಗ್ರಾಮಿನಲ್ಲಿ ಇರುವುದು ಸುಮಾರು ೧೦ ಮಿಲಿಗ್ರಾಂ. ದಿನಕ್ಕೆ ಮುನ್ನೂರು ಗ್ರಾಂ ಅಕ್ಕಿಯನ್ನು ಉಂಡರೂ ೩೦ ಮಿಲಿಗ್ರಾಂ ದಾಟದು. ಬಯಲುಸೀಮೆಯ ರಾಗಿಯಲ್ಲಿ ಅದೇ ನೂರು ಗ್ರಾಮಿಗೆ ಸುಮಾರು ೩೫೦. ನುಗ್ಗೆಸೊಪ್ಪಿನಲ್ಲಿ ೩೦೦ಕ್ಕೂ ಮೇಲು. ಎಳ್ಳಿನಲ್ಲಿ ಸಾವಿರಕ್ಕೂ ಮೇಲು. ಹಸುವಿನ ಹಾಲಿನಲ್ಲಿ ಸುಮಾರು ೧೨೦. ಮಜ್ಜಿಗೆಯ ಲೋಟ, ರಾಗಿಯ ರೊಟ್ಟಿ, ಎಳ್ಳಿನ ಚಟ್ನಿಪುಡಿ ಇವು ದುಬಾರಿ ಪದಾರ್ಥಗಳಲ್ಲ. ಮನೆಯಲ್ಲಿ ಹಾಲು ಮೊಸರು ಮೊದಲು ಗಂಡಸರಿಗೆ, ಮಕ್ಕಳಿಗೆ ಬಡಿಸಿ, ಉಳಿದರೆ ಹೆಂಗಸರಿಗೆ ಎಂಬ ಪದ್ಧತಿ ಎಲ್ಲಿ ಇದೆಯೋ ಅಲ್ಲಿ ಅದನ್ನು ಬಿಡಬೇಕು.

ಕ್ಯಾಲ್ಸಿಯಂ ಮೈಗೆ ಹತ್ತಲು ‘ಡಿ’ ಜೀವಸತ್ತ್ವ ಬೇಕು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಚರ್ಮಕ್ಕೆ ತಾಕಿದಾಗ ಅದು ನಮ್ಮಲ್ಲೇ ಹುಟ್ಟುತ್ತದೆ. ಬಿಸಿಲಿನ ನಾಡಾದ ಭಾರತದಲ್ಲಿಯೂ ಇದರ ಕೊರತೆ ವ್ಯಾಪಕವಾಗಿದೆಯೆಂದು ಅನೇಕ ಪರೀಕ್ಷೆಗಳು ತೋರಿಸಿವೆ. ತಿಂಗಳುಗಟ್ಟಲೆ ಮೋಡ ಕವಿದ, ಉಳಿದ ಕಾಲದಲ್ಲಿಯೂ ಅಡಿಗೆಮನೆಯೊಳಗೋ ತೋಟದ ನೆರಳಿನಲ್ಲೋ ದಿನ ಕಳೆಯುವ ಹೆಂಗಸರ ಪಾಡನ್ನು ಊಹಿಸಬಹುದು. ಬಿಸಿಲಿರುವಾಗ ಅಂಗಳದಲ್ಲಿ ಓಡುವುದು, ಜಿಗಿಯುವುದು, ಕಬಡ್ಡಿ ಥ್ರೋಬಾಲ್ ಆಡುವುದು ಹುಡುಗಿಯರಿಗೆ ಶೋಭಿಸದೆಂಬ ಮಾತನ್ನು ಕೇಳಿಸಿಕೊಳ್ಳಬೇಡಿ. ಜಿಗಿದು ಇಳಿದಾಗಲೆಲ್ಲ ತೊಡೆಮೂಳೆಯ ಒಳಗಿನ ಎಳೆಗಳಿಗೆ ಕಟ್ಟುವ ಕೆಲಸದ ಆಜ್ಞೆ ಹೋಗುತ್ತದೆ.

ಮಳೆ ಎಷ್ಟು ಬೀಳಬೇಕೆಂಬುದು ನಮ್ಮ ಕೈಯಲ್ಲಿಲ್ಲ. ಅದಕ್ಕೆ ಬೇಕಾದವರು ಋಷ್ಯಶೃಂಗನನ್ನು ಪ್ರಾರ್ಥಿಸಲಿ. ಬಿದ್ದ ಮಳೆಗೆ ಹಾವಸೆ ಕಟ್ಟಿದ ಮೆಟ್ಟಿಲನ್ನು ಉಜ್ಜುವುದು ಮಾತ್ರ ನಮ್ಮ ಕೈಯಲ್ಲಿಯೇ ಇದೆ. ಬರುವ ರಜೆಯಲ್ಲಿ ಒಂದು ಅಳತೆಪಟ್ಟಿ, ಒಂದು ಟೈಲು, ಒಂದು ಬ್ರಷ್ಷು, ಸ್ವಲ್ಪ ಬಿಳಿಯ ಬಣ್ಣ ಇಷ್ಟನ್ನು ಹೊಂದಿಸಿಕೊಂಡು ವಿದ್ಯಾರ್ಥಿಗಳು ತಮ್ಮ ಮನೆಯನ್ನೂ ನೆರೆಮನೆಯನ್ನೂ ಪರೀಕ್ಷಿಸಲಿ. ಕಳೆದ ಒಂದು ವರ್ಷದಲ್ಲಿ ಯಾರು, ಎಲ್ಲಿ, ಯಾವ ಹೊತ್ತಿನಲ್ಲಿ ಬಿದ್ದರೆಂಬುದನ್ನು ಹಿರಿಯರಿಂದ ಕೇಳಿ ಬರೆದಿಡಲಿ. ನಮ್ಮ ಸೀಮೆಯ ಅಂಕಿಗಳು ಬೇಕಾದರೆ ಅವುಗಳನ್ನು ಸಂಗ್ರಹಿಸುವ ಕೆಲಸ ಹೀಗೆಯೇ ಆರಂಭವಾಗಬೇಕು.